ನಮ್ಮ ಕೂಸು ಯಾವ ಗುಳಿಗೆ ನುಂಗಿತ್ತು, ಸ್ವಾಮಿ?

ಮಾನ್ಯ ಆರೋಗ್ಯಾಧಿಕಾರಿಗಳೇ,

"ಆಂಟಿಬಯೋಟಿಕ್ ಅರ್ಧಕ್ಕೆ ಬಿಡುವುದು ನಿಮ್ಮ ಅಜ್ಞಾನ, ಅದೇ ನಿಮ್ಮ ಸಾವು" ಎಂಬ ಫಲಕವನ್ನು ತಾವು ಆಸ್ಪತ್ರೆಯ ಗೋಡೆಗೆ ಹೊಡೆಸಿದ್ದೀರಿ. ನನ್ನ ತಂಗಿ ಪ್ರಿಯಾಂಕಾ ಅದನ್ನು ಓದಿದ್ದು ನವಜಾತ ಶಿಶುಗಳ ವಾರ್ಡಿನ ಹೊರಗೆ ಕೂತು, ಒಳಗೆ ಅವಳ ಹೆಣ್ಣುಕೂಸು ಸಾಯುತ್ತಿದ್ದಾಗ. ಹುಟ್ಟಿ ವಾರ ತುಂಬದ ಕೂಸು. ಅದು ಯಾವ ಗುಳಿಗೆಯನ್ನು ಅರ್ಧಕ್ಕೆ ಬಿಟ್ಟಿತ್ತು?

ನಾನು ಕೊಪ್ಪಳದ ಕಡೆಯವಳು, ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತಂಗಿ ಮತ್ತು ಅವಳ ಗಂಡ ಮುತ್ತು ಪೀಣ್ಯದ ಒಂದು ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಗುತ್ತಿಗೆ ಕೆಲಸಗಾರರು. ಅವರಿರುವ ವಠಾರದಲ್ಲಿ ಕೊಳಾಯಿ ಒಡೆದು ಮೋರಿ ನೀರು ಸೇರುತ್ತದೆ. ಮಳೆ ಬಂದರೆ ಮನೆಮನೆಗೂ ಭೇದಿ. ಕಾರ್ಖಾನೆಯ ಸೂಪರ್‌ವೈಸರ್ ಮುನಿರಾಜು ಅದಕ್ಕೆಂದೇ ಅಂಗಿಯ ಜೇಬಿನಲ್ಲಿ ಆಂಟಿಬಯೋಟಿಕ್ ಇಟ್ಟುಕೊಂಡು ಓಡಾಡುತ್ತಾನೆ. "ಎರಡು ಹಾಕ್ಕೊಳ್ಳಿ, ಸಂಜೆ ಹೊತ್ಗೆ ನಿಂತೋಗುತ್ತೆ. ರಜಾ ಗಿಜಾ ಅಂದ್ರೆ ನಾಳೆಯಿಂದ ಬರ್ಲೇಬೇಡಿ." ಭೇದಿ ನಿಂತ ಮೇಲೆ ಮೂರನೆಯ ಗುಳಿಗೆ ಯಾರಪ್ಪನ ಮನೆಯಿಂದ ಬರಬೇಕು? ಬೇಕಾಬಿಟ್ಟಿ ಗುಳಿಗೆ ನುಂಗುವುದು ತಪ್ಪು, ಒಪ್ಪಿದೆ. ಆದರೆ ತಾವು ಅಜ್ಞಾನ ಎನ್ನುವುದನ್ನು ನಾವು ಹೊಟ್ಟೆಪಾಡು ಎನ್ನುತ್ತೇವೆ.

ಈ ಸಲದ ಮಳೆಗೆ ಇಬ್ಬರಿಗೂ ಭೇದಿಯಾದಾಗ ಮುತ್ತು ನುಂಗಿದ. ಬಸುರಿ ಪ್ರಿಯಾಂಕಾ ನುಂಗಲಿಲ್ಲ. "ಹೊಟ್ಟ್ಯಾಗ ಕೂಸೈತ್ರಿ ಸಾರ್, ಡಾಕ್ಟ್ರನ್ನ ಕೇಳಲಾರ್ದ ಏನೂ ನುಂಗಂಗಿಲ್ರಿ ನಾ" ಎಂದು ಮನೆಗೆ ಬಂದಳು. ಆ ದಿನದ ಕೂಲಿ ಹೋಯಿತು. ತಮ್ಮ ಫಲಕ ಬಯಸುವಂಥ ಆದರ್ಶ ಪ್ರಜೆ ಅವಳೇ ಅಲ್ಲವೇ?

ಆದರೂ ಕೂಸಿನ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಯಾವ ಔಷಧಕ್ಕೂ ಜಗ್ಗಲಿಲ್ಲ. ತಾಯಿಯ ಕರುಳಿನಲ್ಲಿದ್ದದ್ದೇ ಹೆರಿಗೆಯ ಹೊತ್ತಿಗೆ ಮಗುವಿಗೆ ಬಂದಿರಬೇಕು ಎಂದರು ಡಾಕ್ಟರು. "ಅಕ್ಕಾ, ನಾ ಏನೂ ನುಂಗಿಲ್ಲಲ್ಲ, ನನ್ನ ಹೊಟ್ಟಿಗೆ ಹೆಂಗ ಬಂತು?" ಎಂದಳು ತಂಗಿ.

ಹೇಗೆ ಬಂತೆಂದು ತಮಗೂ ಹೇಳುತ್ತೇನೆ, ಕೇಳಿ. ಔಷಧವನ್ನು ಸೋಲಿಸುವ ಜೀನುಗಳು ಎಷ್ಟೋ ಸಲ ಡಿಎನ್‌ಎಯ ಪುಟ್ಟ ಬಳೆಯೊಂದರಲ್ಲಿ ಕೂತಿರುತ್ತವೆ. ಅದಕ್ಕೆ ಪ್ಲಾಸ್ಮಿಡ್ ಎನ್ನುತ್ತಾರೆ. ಒಂದೇ ಬಳೆಯಲ್ಲಿ ನಾಲ್ಕೈದು ಔಷಧಗಳಿಗೆ ಉತ್ತರ ಇರಬಹುದು. ಬ್ಯಾಕ್ಟೀರಿಯಾ ಆ ಬಳೆಯ ಪ್ರತಿಯನ್ನು ಪಕ್ಕದ್ದಕ್ಕೆ ದಾಟಿಸುತ್ತದೆ, ಪಕ್ಕದ್ದು ತನ್ನ ಜಾತಿಯದಲ್ಲದಿದ್ದರೂ. ನಮ್ಮ ಮಡಿವಂತಿಕೆ ಅವಕ್ಕಿಲ್ಲ. ಗುಳಿಗೆ ನುಂಗಿದವರ ಕರುಳಿನಲ್ಲಿ ಬಳೆಯಿಲ್ಲದ ಪಾಪದವು ಸಾಯುತ್ತವೆ, ಬಳೆಯಿದ್ದವು ಉಳಿದು ಹೆಚ್ಚುತ್ತವೆ. ಅಲ್ಲಿಂದ ಮೋರಿಗೆ, ಮೋರಿಯಿಂದ ಒಡೆದ ಕೊಳಾಯಿಗೆ, ಕೊಳಾಯಿಯಿಂದ ಏನೂ ನುಂಗದವಳ ಹೊಟ್ಟೆಗೆ. ಒಬ್ಬರ ಮನೆಯ ಹೆಪ್ಪಿನಿಂದ ಇಡೀ ವಠಾರದ ಹಾಲು ಮೊಸರಾಗುವುದಿಲ್ಲವೇ, ಹಾಗೆ. ನನ್ನ ಹತ್ತನೆಯ ತರಗತಿಯ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ತಮ್ಮ ಕಚೇರಿಗೂ ಬಂದಿದ್ದೆ. "ನೀರು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ. ರಜೆ ಕಾರ್ಮಿಕ ಇಲಾಖೆಯವರದ್ದು. ನಾವು ಜಾಗೃತಿ ಮೂಡಿಸ್ತೀವಿ ಅಷ್ಟೇ" ಎಂದರು ತಮ್ಮ ಸಿಬ್ಬಂದಿ. ಆಹಾ! ಬ್ಯಾಕ್ಟೀರಿಯಾಗೆ ವ್ಯಾಪ್ತಿಯೇ ಗೊತ್ತಿಲ್ಲ, ತಮಗೆ ಅದೊಂದೇ ಗೊತ್ತು. ಸಿಟ್ಟು ಬಂತು, ಆಮೇಲೆ ಅಳು ಬಂತು, ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತು ಮನೆಗೆ ಹೋದೆ.

ಹೆರಿಗೆ ರಜೆ ಕೇಳಿದ ತಂಗಿಗೆ ಮುನಿರಾಜು ಹೇಳಿದ್ದು: "ಮಗೂನೇ ಇಲ್ವಲ್ಲಮ್ಮ, ರಜಾ ಯಾಕೆ?" ಎದೆಹಾಲು ಇನ್ನೂ ಬತ್ತಿಲ್ಲ, ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ.

ನನ್ನ ಆಗ್ರಹ ಇಷ್ಟು. ಸೂಪರ್‌ವೈಸರುಗಳ ಜೇಬಿನಿಂದ ಆ ಗುಳಿಗೆ ತೆಗೆಸಿ. ಭೇದಿಯಾದವರಿಗೆ ಸಂಬಳ ಕಡಿಯದೆ ರಜೆ ಕೊಡಿಸಿ. ಕೊಳಾಯಿ ರಿಪೇರಿ ಮಾಡಿಸಿ, ಯಾವ ಇಲಾಖೆಯ ಕೈಕಾಲು ಹಿಡಿದಾದರೂ ಸರಿ. ಅದಾಗುವವರೆಗೆ ನಮಗೆ ಅಜ್ಞಾನದ ಪಾಠ ಹೇಳಬೇಡಿ. ಮೊನ್ನೆ ಪ್ರಿಯಾಂಕಾ ಕೇಳಿದಳು: "ಅಕ್ಕಾ, ಇನ್ನೊಂದು ಹಡದ್ರ ಅದಕ್ಕೂ ನನ್ನ ಹೊಟ್ಟೀಂದನ ಹೋಗತೈತೇನು?" ಇಲ್ಲ ಎಂದು ತಾವು ಬಂದು ಹೇಳಿ.

ಇಂತಿ,
ಒಂದು ವಾರವೂ ಪೂರ್ತಿ ದೊಡ್ಡವ್ವ ಆಗಿರದ
ಶಾಂಭವಿ