ಮಲಗಿದವರ ಬದಲಿಗೆ ಬಂದವರ ಗಂಟಲು

ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಟ್ಟಿರುವ ಮಾನ್ಯ ಅಧಿಕಾರಿಗಳೇ,

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ವೈರಸ್‌ನ ಹೊಸ ರೂಪಾಂತರಿ ತಳಿ ಪತ್ತೆಯಾಗಿಲ್ಲ, ಜನ ಆತಂಕಪಡಬೇಕಿಲ್ಲ ಎಂಬ ನಿಮ್ಮ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಓದಿದೆ. ಹುಡುಕದೇ ಇದ್ದದ್ದು ಸಿಕ್ಕಿಲ್ಲ ಎಂದು ಹೇಳಲು ಸರ್ಕಾರಿ ಮೊಹರು ಏಕೆ ಬೇಕಿತ್ತು ಎಂಬುದೇ ನನ್ನ ತಕರಾರು. ಮಂಚದ ಮೇಲೆ ಕೆಮ್ಮುತ್ತಾ ಮಲಗಿದ್ದ ನನ್ನ ಹೆಂಡತಿ ಮಸರತ್‌ಗೂ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಆಕೆ ಉಸಿರು ಎಳೆದುಕೊಂಡು, "ಹಂಗಾದ್ರೆ ನನಗೆ ಬಂದಿರೋದು ಯಾವುದ್ರೀ?" ಎಂದಳು. ಉತ್ತರ ನಿಮಗಾದರೂ ಗೊತ್ತಿರಬಹುದೆಂದು ಬರೆಯುತ್ತಿದ್ದೇನೆ.

ನಾನು ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು, ವಿಜ್ಞಾನ ಓದಿದವನಲ್ಲ. ಆದರೂ ಪತ್ರಿಕೆಗಳು ಇಷ್ಟನ್ನು ಕಲಿಸಿವೆ. ವೈರಸ್ ರೂಪ ಬದಲಿಸಿದೆಯೇ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಅದರ ವಂಶವಾಹಿಯನ್ನು ಓದಬೇಕು. ಓದಲು ಸೋಂಕಿತರ ಗಂಟಲು ದ್ರವ ಬೇಕು. ಸೋಂಕಿತರು ಯಾರೆಂದು ತಿಳಿಯಲು ಮೊದಲು ಪರೀಕ್ಷೆಯಾಗಬೇಕು. ನಮ್ಮ ಆಸ್ಪತ್ರೆಯಲ್ಲಿ ಕೇಳಿದರೆ, ಪ್ರಕರಣಗಳಿಲ್ಲವಾದ್ದರಿಂದ ಕಿಟ್ ಬರುತ್ತಿಲ್ಲ ಎನ್ನುತ್ತಾರೆ. ಕಿಟ್ ಬರುತ್ತಿಲ್ಲವಾದ್ದರಿಂದ ಪ್ರಕರಣಗಳೂ ಇಲ್ಲ. ಇದೇ ಲೆಕ್ಕದಲ್ಲಿ ಮನೆಮನೆಯ ಥರ್ಮಾಮೀಟರ್ ಕಿತ್ತುಕೊಂಡರೆ ಇಡೀ ಜಿಲ್ಲೆಗೆ ಜ್ವರ ಬಿಟ್ಟುಹೋಗಬೇಕಲ್ಲವೇ? ಇಷ್ಟು ಸುಲಭದ ಚಿಕಿತ್ಸೆ ಕಂಡುಹಿಡಿದ ನಿಮಗೆ ಇನ್ನೂ ಯಾವ ಪ್ರಶಸ್ತಿಯೂ ಬಂದಿಲ್ಲವೆಂಬುದು ಅನ್ಯಾಯವೇ ಸರಿ.

ಕಳೆದ ಮಳೆಗಾಲದಲ್ಲಿ ನಮ್ಮ ಊರಿಗೂ ಒಮ್ಮೆ ಪರೀಕ್ಷೆ ಬಂದಿತ್ತು. ಕೇರಿಯಲ್ಲಿ ಜ್ವರವಿಲ್ಲದ ಮನೆ ಇರಲಿಲ್ಲ. ಕಿಟ್ ಕಡಿಮೆ ಇದ್ದವು, ಹಾಗಾಗಿ ಮನೆಗೊಬ್ಬರು ಶಾಲೆಯ ಹತ್ತಿರ ಬರಬೇಕೆಂದು ಆಟೋದಲ್ಲಿ ಮೈಕ್ ಕಟ್ಟಿ ಸಾರಿದರು. ಮನೆಗೊಬ್ಬರು ಎಂದರೆ ನಮಗೆ ಗೊತ್ತಿರುವುದು ರೇಷನ್ ಅಂಗಡಿ ಒಂದೇ. ನನ್ನ ತಾಯಿ ಮೆಹರಾಜ್ ಬೇಗಂ ಕಂಬಳಿಯೊಳಗಿಂದಲೇ ತೀರ್ಪು ಕೊಟ್ಟರು: "ಒಬ್ರು ಹೆಬ್ಬೆಟ್ಟು ಒತ್ತಿದ್ರೆ ಮನೆಮಂದಿಗೆಲ್ಲ ಅಕ್ಕಿ ಬರಲ್ವೇನೋ? ಜಮೀರ ಹೋಗಿ ಕೊಟ್ಟು ಬರ್ಲಿ." ಜಮೀರ್ ನನ್ನ ತಮ್ಮ, ಲಗೇಜ್ ಆಟೋ ಓಡಿಸುವವನು, ಮನೆಯಲ್ಲಿ ಜ್ವರ ಮುಟ್ಟದೇ ಉಳಿದಿದ್ದವನು ಅವನೊಬ್ಬನೇ. ಮಳೆಯಲ್ಲಿ ಸಾಲು ನಿಲ್ಲಲು ಅವನಿಗಿಂತ ಯೋಗ್ಯರು ಯಾರಿದ್ದರು?

ಪ್ರತಿ ಮನೆಯವರೂ ಹಾಗೆಯೇ ಮಾಡಿದ್ದರು. ಶಾಲೆಯ ಮುಂದೆ ಊರಿನ ಗಟ್ಟಿಮುಟ್ಟಾದವರೆಲ್ಲ ಬಾಯಿ ತೆರೆದು ನಿಂತಿದ್ದರು. ಗಂಟಲು ದ್ರವ ತೆಗೆಯುತ್ತಿದ್ದ ದುರ್ಗಾಂಬಿಕಾ ಮೇಡಂ ಜ್ವರ ಬಂದವರೆಲ್ಲಿ ಎಂದು ಕೇಳಿದರಂತೆ. ನಮ್ಮ ಪಕ್ಕದ ಮನೆಯ ತಿಪ್ಪೇಶಪ್ಪ ವಿನಯದಿಂದಲೇ ಹೇಳಿದರಂತೆ: "ಅವ್ರು ಮಲಗವ್ರೆ ಮೇಡಂ. ಅವ್ರ ಬದ್ಲಿಗೇ ನಾವು ಬಂದೀವಿ." ಆಕೆ ನಕ್ಕರಂತೆ. ಆಮೇಲೆ ಖಾಲಿಯಾಗಿದ್ದ ಕಿಟ್ ಪೆಟ್ಟಿಗೆಯ ಮುಚ್ಚಳ ಹಾಕಿದರಂತೆ. ಒಬ್ಬರಿಗೂ ಸೋಂಕಿಲ್ಲವೆಂದು ವರದಿ ಬಂತು. ನಲ್ಲೂರು ನಿಮ್ಮ ನಕ್ಷೆಯಲ್ಲಿ ಸ್ವಚ್ಛವಾಯಿತು. ಅದೇ ವಾರ ನನ್ನ ತಾಯಿ ತೀರಿಕೊಂಡರು. ವಯಸ್ಸಾಗಿತ್ತಲ್ಲ ಎಂದರು ಎಲ್ಲರೂ.

ನಮ್ಮ ದಡ್ಡತನಕ್ಕೆ ನೀವು ನಗಬಹುದು. ಆದರೆ ನೀವು ಮಾಡುತ್ತಿರುವುದೂ ಇದೇ ಅಲ್ಲವೇ? ಜಿಲ್ಲೆಯ ದೊಡ್ಡಾಸ್ಪತ್ರೆಯವರೆಗೆ ಬರಬಲ್ಲವರ ಗಂಟಲು ನೋಡಿ, ಬರಲಾಗದ ನಾಲ್ಕು ತಾಲ್ಲೂಕಿನ ಪರವಾಗಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೀರಿ. ನಿಮಗೆ ಸಿಗುವುದು ಮನುಷ್ಯನನ್ನು ಬಸ್ ಹತ್ತಲು ಬಿಡುವ ವೈರಸ್ ಮಾತ್ರ. ಎದ್ದು ನಿಲ್ಲಲೂ ಬಿಡದ ಇನ್ನೊಂದು ಬಂದಿದ್ದರೆ ಅದನ್ನು ಯಾರು ನೋಡಬೇಕು? ಸತ್ತವರ ಹಾಸಿಗೆ ಬಿಚ್ಚಿ ಹತ್ತಿಯನ್ನು ಮತ್ತೆ ಹಿಂಜಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಈ ವರ್ಷ ನಮ್ಮದೇ ತಾಲ್ಲೂಕಿನ ತ್ಯಾವಣಿಗೆಯಿಂದಲೂ, ಎಲ್ಲೋ ಜಗಳೂರಿನ ಕಡೆ ಇರುವ ಸೊಕ್ಕೆಯಿಂದಲೂ ಅಂಥ ಹಾಸಿಗೆಗಳು ನನ್ನ ಅಂಗಡಿಗೆ ಬಂದವು. ಅದು ಪುರಾವೆಯಲ್ಲವೆಂದು ನನಗೂ ಗೊತ್ತು. ನಾನು ಏನೂ ಕೇಳದೆ ಹಿಂಜಿಕೊಟ್ಟೆ.

ಮೊನ್ನೆ ಜಮೀರನ ಆಟೋದಲ್ಲಿ ಗಾದಿ ಹಾಸಿ ಮಸರತ್‌ಳನ್ನು ಚನ್ನಗಿರಿಯ ಕ್ಲಿನಿಕ್ಕಿಗೆ ಕರೆದೊಯ್ದೆವು. ಪರೀಕ್ಷೆ ಮಾಡಿಸಿ ಎಂದು ಕೈಮುಗಿದೆ. ವೈದ್ಯರು ಒಳ್ಳೆಯವರೇ, ಮಾತ್ರೆ ಬರೆದುಕೊಟ್ಟು ಸಮಾಧಾನ ಹೇಳಿದರು: "ಅದು ನಿಮ್ಮ ಕಡೆ ಇಲ್ಲ ಖಲೀಲ್, ಪೇಪರ್‌ನಾಗೇ ಬಂದೈತಲ್ಲ." ನಿಮ್ಮ ಒಂದು ವಾಕ್ಯ ನನ್ನ ಹೆಂಡತಿಯ ಜ್ವರಕ್ಕಿಂತ ದೊಡ್ಡದಾಯಿತು. ಮಾತ್ರೆ ಮುಗಿಯುತ್ತಾ ಬಂದಿವೆ, ಜ್ವರ ಇಳಿದಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ನನಗೆ ಭಯವಾಗಿದೆ, ಅಷ್ಟೇ.

ಆದ್ದರಿಂದ ಕಿಟ್ ಕಳಿಸಿ. ಸಾಲಿನಲ್ಲಿ ನಿಂತವರನ್ನು ಬಿಟ್ಟು, ಮಲಗಿದವರ ಮಂಚದ ಹತ್ತಿರ ಬಂದು ಗಂಟಲು ದ್ರವ ತೆಗೆಯಿರಿ, ಅದನ್ನು ಪ್ರಯೋಗಾಲಯಕ್ಕೆ ಕಳಿಸಿ. ಅದಾಗುವವರೆಗೆ ಹೊಸ ತಳಿ ಇಲ್ಲ ಎನ್ನಬೇಡಿ, ನಾವು ನೋಡಿಲ್ಲ ಎನ್ನಿ. ಆ ಮಾತು ಓದಿದರೆ ಆ ವೈದ್ಯರು ಇನ್ನೊಮ್ಮೆ ಯೋಚಿಸಿಯಾರು. ಬರುವುದಿದ್ದರೆ ಬೇಗ ಬನ್ನಿ. ಊರವರ ಹಾಸಿಗೆಗಳನ್ನೆಲ್ಲ ಹಿಂಜಿದ ನಾನು ನನ್ನ ತಾಯಿಯದನ್ನು ಇನ್ನೂ ಬಿಚ್ಚಿಲ್ಲ. ಅದರ ಮೇಲೆಯೇ ಈಗ ಮಸರತ್ ಮಲಗಿದ್ದಾಳೆ.

ಇಂತಿ,
ಜ್ವರವಿಲ್ಲದ, ಆದ್ದರಿಂದ ನಿಮ್ಮ ಪರೀಕ್ಷೆಗೆ ಸರ್ವಥಾ ಅರ್ಹನಾದ,
ಖಲೀಲ್
ಗಾದಿ ಅಂಗಡಿ, ನಲ್ಲೂರು