ಅಮ್ಮನಿಂದ ಬಂದ ರಕ್ತ

ಲೋಜೋವ್ಕ
೨೪ ನವೆಂಬರ್ ೨೦೧೧

ಪ್ರೀತಿಯ ಅಕ್ಕಾ,

ಮಾತೆ ಮಿಟ್ರೊಡೋರಾ ಎಂದು ಬರೆಯಬೇಕು, ಗೊತ್ತು. ನೀನು ಮಠ ಸೇರಿ ಇಷ್ಟು ವರ್ಷವಾದರೂ ನನ್ನ ಕೈ ಅಕ್ಕಾ ಎಂದೇ ಶುರು ಮಾಡುತ್ತದೆ. ಬೇಸಿಗೆ ಕಳೆದ ಮೇಲೆ ಒಂದು ಸಾಲೂ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ನಿಮ್ಮಲ್ಲಿ ಫೋನು ಮುಟ್ಟುವಂತಿಲ್ಲ, ನನಗೆ ಕೂತು ಬರೆಯಲು ಪುರುಸೊತ್ತು ಸಿಕ್ಕಿರಲಿಲ್ಲ. ಈಗ ಪುರುಸೊತ್ತೇ ಪುರುಸೊತ್ತು. ದಿಂಬಿನ ಮೇಲೆ ಕಾಲು ಎತ್ತಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನಾನು ಬಸುರಿ. ಮೇ ತಿಂಗಳ ಕೊನೆಗೆ ಹೆರಿಗೆ ಎನ್ನುತ್ತಾರೆ. ಸವೇಲಿಗೆ ಹೇಳಿದಾಗ ಅವನು ದಡದಲ್ಲಿ ದೋಣಿ ಮಗುಚಿಹಾಕಿ ಡಾಂಬರು ಬಳಿಯುತ್ತಿದ್ದ. ನನ್ನ ಗಂಡ ಎಂಥ ಮಾತುಗಾರ ಎಂದು ನಿನಗೆ ಗೊತ್ತಲ್ಲ. ಕುಂಚ ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಬಳಿದ ಜಾಗಕ್ಕೇ ಇನ್ನೊಮ್ಮೆ ಬಳಿದ. ಸಂಜೆಯವರೆಗೂ ಅದೊಂದೇ ಹಲಗೆಗೆ ಬಳಿಯುತ್ತಿದ್ದನೆಂದು ಅತ್ತೆ ಉಲಿಯಾನಾ ಊರಿಗೆಲ್ಲ ಹೇಳಿಕೊಂಡು ನಕ್ಕರು.

ಆಮೇಲಿನ ದಿನಗಳು ಒಂದು ಬಗೆಯ ಮಂಪರು. ಬೆಳಿಗ್ಗೆ ಜೊಂಡಿನ ಮೇಲೆ ಮಂಜು ಕೂತಿರುತ್ತಿತ್ತು, ನನ್ನೊಳಗೂ ಅದೇ ಮಂಜು. ಆಲೂಗಡ್ಡೆ ಸುಲಿಯುತ್ತ ನಿದ್ದೆ ಹೋಗುತ್ತಿದ್ದೆ. ಎಚ್ಚರವಾದಾಗ ನೀರಿನ ಸದ್ದು ಕಾಲುವೆಯಿಂದ ಬರುತ್ತಿದೆಯೋ ನನ್ನ ಹೊಟ್ಟೆಯಿಂದಲೋ ಎಂದು ಸ್ವಲ್ಪ ಹೊತ್ತು ತಿಳಿಯುತ್ತಿರಲಿಲ್ಲ. ಆ ಮಂಪರಿನಲ್ಲೇ ಎಡಗಾಲು ಭಾರವಾಯಿತು. ತೊಡೆಯಿಂದ ಹಿಮ್ಮಡಿಯವರೆಗೆ ಬಿಗಿದು, ಕೆಂಪಗೆ, ಮುಟ್ಟಿದರೆ ಬಿಸಿ. ಅತ್ತೆ ಎಲೆಕೋಸಿನ ಎಲೆ ಸುತ್ತಿ ಬಟ್ಟೆ ಕಟ್ಟಿದರು. "ಬಸುರಿಗೆ ಕಾಲು ಬಾತುಕೊಳ್ಳದೆ ಇನ್ನೇನು ಮೂಗು ಬಾತುಕೊಳ್ಳುತ್ತಾ?" ಎಂದರು. ಆವಿಸ್ನಾನದ ಕೋಣೆ ಕಾಯಿಸಿ, ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜುತ್ತೇನೆಂದು ಸೌದೆಯನ್ನೂ ಒಟ್ಟಿದ್ದರು.

ಸವೇಲಿ ಬಾಗಿಲಲ್ಲಿ ನಿಂತು ನನ್ನ ಎರಡೂ ಕಾಲನ್ನು ತುಂಬ ಹೊತ್ತು ನೋಡಿದ. "ಒಂದೇ ಕಾಲು ಯಾಕೆ?" ಎಂದ. ಅಷ್ಟೇ ಅವನು ಅಂದದ್ದು. ಆಮೇಲೆ ತನ್ನ ಕುರಿಚರ್ಮದ ಕೋಟನ್ನು ದೋಣಿಯಲ್ಲಿ ಹಾಸಿ ನನ್ನನ್ನು ಎತ್ತಿಕೊಂಡು ಹೋಗಿ ಮಲಗಿಸಿದ.

ತುಲ್ಚಾ ಪಟ್ಟಣ ತಲುಪುವವರೆಗೂ ನಾನು ಆಕಾಶವನ್ನಷ್ಟೇ ನೋಡಿದೆ. ವಿಲ್ಲೋ ಮರಗಳ ತುದಿಗಳು ಎರಡೂ ಕಡೆಯಿಂದ ಬಾಗಿ ಬಂದು ಹಿಂದೆ ಸರಿಯುತ್ತಿದ್ದವು. ನಾವು ಹೋಗುತ್ತಿಲ್ಲ, ಯಾರೋ ನದಿಯನ್ನೇ ನಮ್ಮ ಕೆಳಗಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತಿದ್ದಾರೆ ಅನ್ನಿಸಿತು. ಭಯವೇ ಆಗಲಿಲ್ಲ. ಈಗ ನೆನೆದರೆ ಅದಕ್ಕೇ ಭಯವಾಗುತ್ತದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೊಸ್ತಾಕೆ ಎಂಬ ಹೆಂಗಸು. ನನ್ನ ವಯಸ್ಸಿನವರೇ, ಅವಸರದ ಮಾತು. ತೊಡೆಗೆ ತಣ್ಣನೆಯ ಅಂಟು ಹಚ್ಚಿ, ಯಂತ್ರದ ಪರದೆಯಲ್ಲಿ ಒಂದು ಕಪ್ಪು ದಾರಿ ತೋರಿಸಿದರು. ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ, ಅಲ್ಲಿಂದ ಮುಂದೆ ಹರಿಯುತ್ತಿಲ್ಲವಂತೆ. ಯಾರಾದರೂ ಕಾಲು ಉಜ್ಜಿದರಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯವಂತೆ. ಇನ್ನು ಹೆರಿಗೆಯವರೆಗೆ ಬೆಳಿಗ್ಗೆ ಸಂಜೆ ರಕ್ತ ತೆಳು ಮಾಡುವ ಇಂಜೆಕ್ಷನ್, ಹೆರಿಗೆಯಾದ ಮೇಲೂ ಕೆಲವು ವಾರ. ಹೊಟ್ಟೆಯ ಚರ್ಮಕ್ಕೇ ಚುಚ್ಚಬೇಕು.

"ಮಗುವಿಗೆ?" ಎಂದೆ.

"ಮಗುವಿನ ಹತ್ರ ಈ ಔಷಧಿ ಹೋಗಲ್ಲ. ಅದಕ್ಕೇ ಮಾತ್ರೆ ಬಿಟ್ಟು ಇದನ್ನ ಕೊಡ್ತಿರೋದು. ಇದು ನಿಮ್ಮ ರಕ್ತದಲ್ಲೇ ಇರುತ್ತೆ," ಎಂದರು.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದಾಗ ಅಮ್ಮನ ವಿಷಯ ಹೇಳಿದೆ. ನನಗೇನು ನೆನಪಿದೆ, ನೀನು ಹೇಳಿದ್ದೇ. ನನ್ನನ್ನು ಹೆತ್ತು ಕಾಲು ಊದಿಕೊಂಡು ಮಲಗಿದ್ದಳು, ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಎದ್ದು ನಿಂತಳು, ನಿಂತಲ್ಲೇ ಕುಸಿದಳು. ಇನ್ನೂ ಲಂಗ ಉಡುವ ವಯಸ್ಸಿನ ನೀನು ನನ್ನನ್ನು ಎತ್ತಿಕೊಂಡು ಮೂಲೆಯಲ್ಲಿ ನಿಂತಿದ್ದೆ. ಬಾಣಂತಿ ಬೇಗ ಎದ್ದದ್ದಕ್ಕೇ ಹೀಗಾಯಿತು ಎಂದರಂತೆ ಊರವರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಮತ್ತೆ ಬರೆದುಕೊಂಡರು.

ನನಗಾಗಿ ಒಂದು ಮೇಣದ ಬತ್ತಿ ಹಚ್ಚು, ಅಕ್ಕಾ.

ನಿನ್ನ ಫ್ರೋನ್ಯಾ

*

ಲೋಜೋವ್ಕ
೧೯ ಫೆಬ್ರವರಿ ೨೦೧೨

ಪ್ರೀತಿಯ ಅಕ್ಕಾ,

ನಿನ್ನ ಎರಡು ಸಾಲಿನ ಕಾಗದವೂ ಮಗುವಿನ ದೀಕ್ಷಾಸ್ನಾನಕ್ಕೆಂದು ನೀನೇ ನೇಯ್ದ ಪುಟ್ಟ ಸೊಂಟಪಟ್ಟಿಯೂ ಕ್ರಿಸ್ತಜಯಂತಿಗೆ ಮುಂಚೆಯೇ ಬಂದವು. ಉತ್ತರ ಬರೆದಿಟ್ಟಿದ್ದೆ, ಕಳಿಸುವಷ್ಟರಲ್ಲಿ ನದಿ ಹೆಪ್ಪುಗಟ್ಟಿತು. ಅಂಚೆ ಒಯ್ಯುವ ಹಡಗು ನಿಂತು ಎಷ್ಟೋ ದಿನವಾಯಿತು. ಆ ಹಳೆಯ ಕಾಗದ ಒಲೆಗೆ ಹಾಕಿ ಇದನ್ನು ಹೊಸದಾಗಿ ಬರೆಯುತ್ತಿದ್ದೇನೆ. ಪಟ್ಟಿ ಎಷ್ಟು ಚಿಕ್ಕದಾಗಿದೆಯೆಂದರೆ ನನ್ನ ಮಣಿಕಟ್ಟಿಗೆ ಸುತ್ತಿ ನೋಡಿಕೊಳ್ಳುತ್ತಿರುತ್ತೇನೆ.

ಕಾಲು ಇಳಿದಿದೆ. ಬಿಗಿ ಕಾಲುಚೀಲ ಹಾಕಿಕೊಂಡು ಅಂಗಳದಲ್ಲಿ ನಡೆಯುತ್ತೇನೆ. ಮಗು ಒದೆಯುತ್ತದೆ. ಇಂಜೆಕ್ಷನ್ ಕೊಡುವವನು ಸವೇಲಿ. ಹತ್ತು ಮೀನಿನ ಹೊಟ್ಟೆಯನ್ನು ನೋಡದೆಯೇ ಸೀಳುವ ಆ ಕೈ ನನ್ನ ಹೊಟ್ಟೆಯವರೆಗೆ ಬಂದು ಬಂದು ಹಿಂದೆ ಸರಿಯುವುದನ್ನು ನೀನು ನೋಡಬೇಕಿತ್ತು. ಚರ್ಮ ಚಿವುಟಿ ಹಿಡಿದು, ಕಣ್ಣು ಮುಚ್ಚುತ್ತಾನೆ. ಕಣ್ಣು ತೆರೆದುಕೋ ಮಾರಾಯ ಎಂದು ನಾನೇ ಹೇಳಬೇಕು. ಹೊಟ್ಟೆಯ ಮೇಲೆಲ್ಲ ಕಲೆ: ಹೊಸದು ನೀಲಿ, ಹಳೆಯದು ಹಸಿರು, ಇನ್ನೂ ಹಳೆಯದು ಹಳದಿ. ಮಧ್ಯಾಹ್ನದ ಬೆಳಕಿನಲ್ಲಿ ಮಲಗಿ ಅವನ್ನೇ ನೋಡುತ್ತಿದ್ದರೆ ಎಲ್ಲೋ ದೂರದ ಸರೋವರಗಳನ್ನು ಮೇಲಿನಿಂದ ನೋಡಿದ ಹಾಗಾಗುತ್ತದೆ.

ಅತ್ತೆಗೆ ಇದ್ಯಾವುದೂ ಹಿಡಿಸಿರಲಿಲ್ಲ. ಮಗು ಮಲಗಿರುವ ಜಾಗಕ್ಕೆ ಸೂಜಿ ಚುಚ್ಚುವುದೆಂದರೇನು ಎಂದು ಮೂಲೆಯ ಸಂತರ ಪಟಗಳಿಗೆ ಮುಖ ಮಾಡಿ ಕೇಳುತ್ತಿದ್ದರು, ನಮಗೆ ಕೇಳಿಸುವಷ್ಟು ಗಟ್ಟಿಯಾಗಿ. ಹೋದ ತಿಂಗಳು ನಾನು ಮೀನು ಹೆಚ್ಚುವಾಗ ಕೈ ಜಾರಿ ಬೆರಳು ಕುಯ್ದುಕೊಂಡೆ. ಗಾಯ ಸಣ್ಣದು. ಆದರೆ ರಕ್ತ ನಿಲ್ಲಲಿಲ್ಲ. ಒಂದು ಬಟ್ಟೆ ನೆನೆಯಿತು, ಇನ್ನೊಂದು ನೆನೆಯಿತು, ಹಲಗೆ, ನೆಲ, ನನ್ನ ತೊಡೆ. ನನಗೆ ನೋವಿರಲಿಲ್ಲ, ಅದು ಬೇರೆ ಯಾರದ್ದೋ ಬೆರಳು ಎಂಬಂತೆ ನೋಡುತ್ತ ಕೂತೆ. ಅತ್ತೆ ಬೆರಳನ್ನು ತಮ್ಮ ಮುಷ್ಟಿಯಲ್ಲಿ ಒತ್ತಿ ಹಿಡಿದು ಮಗನ ಮೇಲೆ ತಿರುಗಿದರು.

"ನೋಡೋ, ನೋಡು. ಇವಳ ರಕ್ತನ ನೀರು ಮಾಡಿಟ್ಟಿದ್ದೀಯ. ಬೆರಳಿಗೇ ಹಿಂಗಾದ್ರೆ ಹೆರೋವಾಗ ಏನೋ ಮಾಡ್ತೀಯ?"

ಕೊನೆಗೆ ರಕ್ತ ನಿಂತಿತು. ಆದರೆ ಆ ಮಾತು ಸವೇಲಿಯ ಒಳಗೆ ಇಳಿದಿತ್ತು. ಸಂಜೆ ಸಿರಿಂಜ್ ಕೈಯಲ್ಲಿ ಹಿಡಿದು ಮಂಚದ ತುದಿಯಲ್ಲಿ ಕೂತ. ಕೊಟ್ಟರೆ ರಕ್ತ ಹರಿದು ಹೋಗುತ್ತೀಯ, ಕೊಡದಿದ್ದರೆ ಹೆಪ್ಪುಗಟ್ಟಿ ಹೋಗುತ್ತೀಯ, ನಾನು ಯಾವುದನ್ನು ಮಾಡಲಿ ಎಂದು ಕೇಳಿದ. ಮದುವೆಯಾದ ಮೇಲೆ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅವನು ಅಳುತ್ತಿದ್ದ, ಅಕ್ಕಾ. ಅತ್ತೆ ಒಲೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು.

ನನಗೆ ಏನನ್ನಿಸಿತೋ ಗೊತ್ತಿಲ್ಲ. ಅಮ್ಮ ಎದ್ದು ನಿಂತ ಆ ಬೆಳಿಗ್ಗೆ ಯಾರ ಕೈಯಲ್ಲೂ ಏನೂ ಇರಲಿಲ್ಲ, ಇವನ ಕೈಯಲ್ಲಿ ಇದೊಂದು ಇದೆಯಲ್ಲ ಅನ್ನಿಸಿತು. ಅದನ್ನು ತೆಗೆದುಕೊಂಡು, ಚರ್ಮ ಚಿವುಟಿ ಹಿಡಿದು, ನಾನೇ ಚುಚ್ಚಿಕೊಂಡೆ. ಉರಿಯಿತು, ಅಷ್ಟೇ. ಮಗು ಒಮ್ಮೆ ಹೊರಳಿ ಸುಮ್ಮನಾಯಿತು.

ಅತ್ತೆ ಯಾವಾಗ ತಿರುಗಿ ನೋಡಿದರೋ. ಹತ್ತಿರ ಬಂದು ಖಾಲಿ ಸಿರಿಂಜನ್ನು ಎತ್ತಿ ಬೆಳಕಿಗೆ ಹಿಡಿದರು. "ನಂಗೂ ತೋರ್ಸು. ಇವನು ಜೊಂಡು ಕುಯ್ಯೋಕೆ ಹೋದಾಗ ನಿನಗೆ ಯಾರು ಕೊಡ್ತಾರೆ?" ಎಂದರು.

ಈಗ ಬೆಳಗಿನದು ಅವರದೇ ಪಾಲು. ಎರಡು ಬೆರಳಿನಿಂದ ಶಿಲುಬೆಯ ಗುರುತು ಮಾಡಿ, ಹೊಟ್ಟೆಯ ಕಡೆ ಬಗ್ಗಿ ಮಗುವಿಗೆ "ಜರುಗಿಕೋ ಪುಟ್ಟ" ಎಂದು ಹೇಳಿ ಚುಚ್ಚುತ್ತಾರೆ. ಮಗನಿಗಿಂತ ಹಗುರವಾದ ಕೈ. ಅದನ್ನು ಹೇಳಿದ್ದಕ್ಕೆ ಸವೇಲಿ ಇಡೀ ದಿನ ಮುಖ ಊದಿಸಿಕೊಂಡಿದ್ದ.

ಮಂಜುಗಡ್ಡೆ ಒಡೆಯುವ ಹಡಗು ಬಂದಾಗ ಈ ಕಾಗದ ಹೊರಡುತ್ತದೆ. ಔಷಧಿ ಸಾಕಷ್ಟಿದೆ, ಚಿಂತೆ ಮಾಡಬೇಡ.

ನಿನ್ನ ಫ್ರೋನ್ಯಾ

*

ಲೋಜೋವ್ಕ
೧೬ ಜುಲೈ ೨೦೧೨

ಪ್ರೀತಿಯ ಅಕ್ಕಾ,

ಈಗ ನೀನು ದೊಡ್ಡಮ್ಮನೂ ಹೌದು, ಅಜ್ಜಿಯೂ ಹೌದು, ನನ್ನನ್ನು ಸಾಕಿದವಳಲ್ಲವೇ. ಹೆಣ್ಣು ಮಗು. ದೀಕ್ಷಾಸ್ನಾನವಾಗಿ ಗ್ಲಿಕೇರಿಯಾ ಎಂದು ಹೆಸರಿಟ್ಟೆವು, ಅವಳು ಹುಟ್ಟಿದ್ದು ಆ ಸಂತಳ ಹಬ್ಬದಂದೇ. ಸುದ್ದಿ ನಿನಗೆ ಸವೇಲಿ ಕಳಿಸಿದ ಚೀಟಿಯಿಂದಲೇ ತಿಳಿದಿರುತ್ತದೆ, ಅದರಲ್ಲಿ "ಎರಡೂ ಚೆನ್ನಾಗಿವೆ" ಎಂದಷ್ಟೇ ಬರೆದಿದ್ದನಂತೆ, ನಾವೇನೋ ದೋಣಿಗಳು ಎಂಬಂತೆ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕೈಯಲ್ಲಿ ಮಗುವಿದೆ ಎನ್ನುವುದೊಂದು ಕಾರಣ. ಇನ್ನೊಂದೂ ಇದೆ.

ಮೇ ಮೊದಲಲ್ಲೇ ನಾನು ತುಲ್ಚಾಕ್ಕೆ ಹೋಗಿಬಿಟ್ಟಿದ್ದೆ. ರಕ್ತ ತೆಳುವಾಗಿರುವಾಗ ಇಲ್ಲೇ ನೋವು ಶುರುವಾದರೆ ಕಷ್ಟ ಎಂದು ಡಾಕ್ಟರಮ್ಮ ಹಟ ಹಿಡಿದಿದ್ದರು. ನೋವು ಬರಿಸಲು ದಿನ ಗೊತ್ತುಮಾಡಿ, ಅದರ ಹಿಂದಿನ ದಿನ ಇಂಜೆಕ್ಷನ್ ನಿಲ್ಲಿಸಿದರು. ಆ ಒಂದು ದಿನವನ್ನು ಹೇಗೆ ಹೇಳಲಿ? ಔಷಧಿ ಇಲ್ಲ, ಮಗು ಬಂದಿಲ್ಲ, ರಕ್ತ ಅದರ ಇಷ್ಟದಂತೆ ಹರಿಯುತ್ತಿದೆ. ಹೊರಗೆ ಅಕೇಶಿಯಾ ಹೂ ಉದುರುತ್ತಿತ್ತು, ಗಾಳಿ ಬಂದಾಗ ಒಂದೆರಡು ಹಾಸಿಗೆಯವರೆಗೂ ಬಂದವು. ಕಣ್ಣು ಮುಚ್ಚಿದರೆ ಯಾರೋ ನನ್ನ ತಲೆ ಬಾಚುತ್ತಿದ್ದರು, ಸಿಕ್ಕು ಬಿಡಿಸುತ್ತಿದ್ದರು, ಸ್ವಲ್ಪವೂ ಎಳೆಯದೆ. ಮುಖ ಕಾಣಲಿಲ್ಲ. ಅಮ್ಮನ ಮುಖ ನನಗೆ ಗೊತ್ತಿಲ್ಲವಲ್ಲ, ಕನಸಿಗೆ ಅದನ್ನು ಎಲ್ಲಿಂದ ತಂದುಕೊಡಲಿ. ಎಚ್ಚರವಾದಾಗ ಹೆದರಿಕೆ ಕಡಿಮೆಯಾಗಿತ್ತು.

ಹೆರಿಗೆಯ ಹೊತ್ತಿನಲ್ಲಿ ರಕ್ತ ಹೆಚ್ಚೇ ಹೋಯಿತು. ಡಾಕ್ಟರಮ್ಮನ ಮಾತು ಇದ್ದಕ್ಕಿದ್ದಂತೆ ನಿಧಾನವಾದದ್ದು ನೆನಪಿದೆ. ಅವಸರದ ಮನುಷ್ಯರು ನಿಧಾನವಾದರೆ ಏನರ್ಥವೆಂದು ನನಗೆ ಗೊತ್ತಾಯಿತು. ನನ್ನ ಎದೆಯ ಮೇಲೆ ಒದ್ದೆಯಾದ, ಬಿಸಿಯಾದ ಒಂದು ಭಾರ ಇಟ್ಟರು. ಅದು ಅಳಲಿಲ್ಲ, ಸುಮ್ಮನೆ ಬಾಯಿ ತೆರೆದು ಮುಚ್ಚಿತು. ಹಾಗೆಯೇ ನಾವಿಬ್ಬರೂ ಎಲ್ಲೋ ತೇಲುತ್ತಿದ್ದೆವು. ಆಮೇಲೆ ಅದು ಅತ್ತಿತು, ರಕ್ತ ನಿಂತಿತು, ಡಾಕ್ಟರಮ್ಮ ಮತ್ತೆ ಅವಸರ ಅವಸರವಾಗಿ ಮಾತಾಡತೊಡಗಿದರು.

ಇಂಜೆಕ್ಷನ್ ಮತ್ತೆ ಶುರುವಾಯಿತು. ಮರುದಿನ ಬೆಳಿಗ್ಗೆಯೇ ಬಂದು ಏಳಿ ಎಂದರು. ನಮ್ಮೂರಿನಲ್ಲಿ ಬಾಣಂತಿ ಏಳುವುದಿಲ್ಲ ಎಂದೆ.

"ನಿಮ್ಮೂರಲ್ಲಿ ಏನು ಮಾಡ್ತಾರೋ ನಂಗೊತ್ತಿಲ್ಲ. ನನ್ನ ವಾರ್ಡಲ್ಲಿ ಏಳ್ತಾರೆ. ಬನ್ನಿ, ನನ್ನ ತೋಳು ಹಿಡ್ಕೊಳ್ಳಿ."

ಎದ್ದು ನಿಂತೆ. ಒಂದು ಕ್ಷಣ ಕಾದೆ, ಏನೋ ಆಗುತ್ತದೆ ಎಂದು. ಏನೂ ಆಗಲಿಲ್ಲ. ಅವರ ತೋಳು ಹಿಡಿದು ಬಾಗಿಲವರೆಗೆ ಹೋಗಿ ಬಂದೆ.

ಅತ್ತೆ ಈಗ ಊರಿನ ಬಸುರಿಯರನ್ನೆಲ್ಲ ತಡೆದು ನಿಲ್ಲಿಸಿ ಎರಡೂ ಕಾಲು ತೋರಿಸು ಎನ್ನುತ್ತಾರೆ. ಸವೇಲಿ ಮಗುವಿನೊಂದಿಗೆ ಮಾತಾಡುತ್ತಾನೆ, ಅಕ್ಕಾ. ಯಾರೂ ಇಲ್ಲವೆಂದುಕೊಂಡು ಗಂಟೆಗಟ್ಟಲೆ ಮಾತಾಡುತ್ತಾನೆ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತೇನೆ.

ಸನ್ಯಾಸಿನಿಯಾದ ಅಕ್ಕನನ್ನು ಹರಸಲು ನಾನು ಯಾರು. ಆದರೂ ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ಕಣ್ಣಿಗೆ ಒಳ್ಳೆಯ ನಿದ್ದೆ ಕೊಡಲಿ. ಗ್ಲಿಕೇರಿಯಾಳ ತಲೆಯ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ ಫ್ರೋನ್ಯಾ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಕೆಳಗೆ ಉಳಿಸಿಕೊಂಡದ್ದು:

ಹೆರಿಗೆಯ ನಂತರ ಮಾಡಿಸಿದ ನನ್ನ ರಕ್ತಪರೀಕ್ಷೆಯ ಉತ್ತರ ಹೋದ ತಿಂಗಳೇ ಬಂತು. ರಕ್ತ ಸುಮ್ಮಸುಮ್ಮನೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಒಂದು ಅಂಶ ನನ್ನಲ್ಲಿ ತೀರ ಕಡಿಮೆಯಂತೆ. ಅದು ಹುಟ್ಟಿನಿಂದ ಬರುವುದು, ಅಮ್ಮನಿಂದಲೇ ಬಂದಿರಬೇಕು ಎಂದರು ಡಾಕ್ಟರಮ್ಮ. ಒಡಹುಟ್ಟಿದವರು ಇದ್ದಾರೆಯೇ ಎಂದು ಕೇಳಿದರು. ಆಗ ನಿನ್ನ ವಿಷಯ ಹೇಳಿದೆ. ಮೂರು ಮಕ್ಕಳು, ಮೂರೂ ಅರ್ಧ ದಾರಿ ದಾಟಿ ಬಂದು ಹೊಟ್ಟೆಯಲ್ಲೇ ಸುಮ್ಮನಾದವು. ಕೆಲಸ ಮಾಡಬಾರದ ಭಾನುವಾರ ನೂಲುವ ರಾಟೆ ಮುಟ್ಟಿದ ಪಾಪಕ್ಕೆ ಹೀಗಾಯಿತು ಎಂದು ತ್ರೀಫೋನ್ ಭಾವ ನಿನ್ನನ್ನು ನಮ್ಮ ಮನೆ ಬಾಗಿಲಿಗೆ ತಂದು ಬಿಟ್ಟುಹೋದದ್ದು, ನೀನು ಅದನ್ನು ನಂಬಿದ್ದು, ಎಲ್ಲ ಹೇಳಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡದೆ ಖಚಿತವಾಗಿ ಹೇಳಕ್ಕಾಗಲ್ಲ. ಆದ್ರೆ ನಾನಾಗಿದ್ರೆ, ನಿಮ್ಮಕ್ಕನ ರಕ್ತ ಪರೀಕ್ಷೆ ಮಾಡದೆ ಅದನ್ನ ಪಾಪ ಅಂತ ಕರೀತಿರ್ಲಿಲ್ಲ," ಎಂದರು.

ಇಷ್ಟು ದಿನ ಈ ಮಾತನ್ನು ನಿನಗೆ ಕಳಿಸಬೇಕೋ ಬೇಡವೋ ಎಂದು ಒದ್ದಾಡಿದೆ. ನನ್ನ ಹೊಟ್ಟೆಗೆ ಬೆಳಿಗ್ಗೆ ಸಂಜೆ ಹೋದ ಆ ಇಷ್ಟೇ ಇಷ್ಟು ಔಷಧಿ ನಿನಗೂ ಸಿಕ್ಕಿದ್ದರೆ ಎಂದು ಯೋಚಿಸಿದಾಗಲೆಲ್ಲ ಮಗುವನ್ನು ಎತ್ತಿಕೊಳ್ಳಲೂ ನನಗೆ ನಾಚಿಕೆಯಾಗುತ್ತದೆ. ಮಠ ಬಿಟ್ಟು ಬಾ ಎನ್ನುತ್ತಿಲ್ಲ. ಆ ಮೂರು ಮಕ್ಕಳಿಗಾಗಿ ನೀನು ದಿನವೂ ನೆಲಕ್ಕೆ ಹಣೆ ಹಚ್ಚುತ್ತೀಯಲ್ಲ, ಇನ್ನು ಮುಂದೆ ತಪ್ಪು ಮಾಡಿದವಳ ಹಾಗೆ ಹಚ್ಚಬೇಡ, ಅಕ್ಕಾ. ತಾಯಿಯ ಹಾಗೆ ಹಚ್ಚು.

ಅವರಿಗೆ ನೀನು ಮನಸ್ಸಿನಲ್ಲಿ ಹೆಸರು ಇಟ್ಟಿದ್ದರೆ ನನಗೆ ಬರೆದು ಕಳಿಸು. ದೀಕ್ಷಾಸ್ನಾನವಾಗದವರ ಹೆಸರನ್ನು ಚರ್ಚಿನ ಪ್ರಾರ್ಥನೆಯಲ್ಲಿ ಓದುವುದಿಲ್ಲ, ಗೊತ್ತು. ಗ್ಲಿಕೇರಿಯಾಗೆ ಮಾತು ಬಂದಾಗ ನಾನು ಹೇಳಿಕೊಡುತ್ತೇನೆ.