ಮೂವತ್ತೊಂದನೇ ತಾರೀಖಿನ ಚೀಟಿ

ನವೆಂಬರ್ 15

ಬೆಳಿಗ್ಗೆಯಿಂದ ಕಣ್ಣಾಸ್ಪತ್ರೆಯ ಕೌಂಟರಿನಲ್ಲೇ. ಕಣ್ಣಿಗೆ ಇಂಜೆಕ್ಷನ್ ಕೊಡುವ ಡಾಕ್ಟರು ಬರುವುದು ತಿಂಗಳಿಗೊಮ್ಮೆ, ಹದಿನೈದಕ್ಕೆ. ರೋಗಿಗಳು ಯಾವ ದಿನ ಬಂದರೂ ಅವರಿಗೆ ಮುಂದಿನ ಇಂಜೆಕ್ಷನ್ ತಾರೀಖಿನ ಚೀಟಿ ಮುದ್ರಿಸುವುದು ನನ್ನ ಪ್ರೋಗ್ರಾಂ. ಡಾಕ್ಟರು ಒಂದು ತಿಂಗಳು ಎಂದರೆ ಒಂದು, ಎರಡೆಂದರೆ ಎರಡು. ಅದನ್ನು ಬರೆದದ್ದು ಜನವರಿಯನ್ನು ಸೊನ್ನೆ ಎಂದು ಎಣಿಸುವ ಕಂಪ್ಯೂಟರ್ ಭಾಷೆಯಲ್ಲಿ. ಅದರ ಕಿತಾಪತಿಯೆಲ್ಲ ನನಗೆ ಕರತಲಾಮಲಕ.

ಇವತ್ತು ಏಳು ಚೀಟಿಗಳಲ್ಲಿ ‘ಡಿಸೆಂಬರ್ 15’ ಹೊಡೆದುಹಾಕಿ ಪೆನ್ನಿನಲ್ಲಿ ‘ನವೆಂಬರ್ 15’ ಎಂದು ಬರೆದಿತ್ತು. ಕೌಂಟರಿನ ಅಕ್ಕನದೇ ಕೈ. ಬೇಕಾದವರನ್ನು ಮುಂದೆ ನುಗ್ಗಿಸುತ್ತಿದ್ದಾರಾ? ಕೇಳಿಯೇಬಿಟ್ಟೆ.

“ಹಾಗಲ್ಲಮ್ಮ. ತಿಂಗಳ ಕೊನೇ ದಿನ ಕೆಲವು ಸಲ ಇದಕ್ಕೆ ತಲೆ ಕೆಡತ್ತೆ. ಅದಕ್ಕೇ ತಿದ್ದಿದೀನಿ.”

ಅವರ ಎದುರೇ ಐದು ಸಲ ಮುದ್ರಿಸಿದೆ. ಐದೂ ಸರಿ.

“ಇದಕ್ಕೆ ತಲೆ ಎಲ್ಲಿದೆ ಅಕ್ಕಾ, ಕೆಡೋಕೆ?” ನಕ್ಕೆ. ಅವರು ನಗಲಿಲ್ಲ. ಮೇಲಧಿಕಾರಿಗೆ ವರದಿ ಕಳಿಸಿದೆ.

ನವೆಂಬರ್ 18

ಅಕ್ಕನನ್ನು ಫೈಲ್ ಕೋಣೆಗೆ ಹಾಕಿ, ಕೌಂಟರಿಗೆ ಹೊಸ ಹುಡುಗಿಯೊಬ್ಬಳನ್ನು ಕೂರಿಸಿದರಂತೆ. ಹದಿನಾರು ವರ್ಷ ಕೌಂಟರಿನಲ್ಲಿದ್ದವರು. ನಿಯಮ ಅಂದ್ರೆ ನಿಯಮ... ಯಾಕೋ ಊಟ ಸೇರಲಿಲ್ಲ.

ಮಾರ್ಚ್ 15

ಆಸ್ಪತ್ರೆಯಿಂದ ಫೋನ್. ಓಡಿದೆ. ಹನ್ನೊಂದು ಜನ ಒಂದು ತಿಂಗಳು ತಡವಾಗಿ ಬಂದಿದ್ದಾರೆ. ಎಲ್ಲರದೂ ಜನವರಿ 31ರಂದು ಕೊಟ್ಟ ಚೀಟಿ. ಫೆಬ್ರವರಿ 15 ಇರಬೇಕಾದಲ್ಲಿ ಮಾರ್ಚ್ 15. ಈ ಸಲ ಪೆನ್ನಿನ ಗೆರೆ ಒಂದೂ ಇಲ್ಲ.

ಬಟ್ಟೆ ಹೊಲಿಯುವ ಹೆಂಗಸೊಬ್ಬರು ಚೀಟಿ ಮುಂದೆ ಚಾಚಿ ಹೇಳುತ್ತಿದ್ದರು, “ಬರೆದಿದ್ದ ದಿನವೇ ಬಂದಿದೀನಲ್ಲ ಡಾಕ್ಟ್ರೇ.”

“ನಿಮ್ಮ ತಪ್ಪಲ್ಲಮ್ಮ. ಆದ್ರೆ ಇಂಜೆಕ್ಷನ್ ತಡವಾಗಿ ಎಡಗಣ್ಣಲ್ಲಿ ಹೋಗಿರೋ ದೃಷ್ಟಿ ಇನ್ನು ವಾಪಸ್ ಬರಲ್ಲ.”

ಚೀಟಿ ಕೊಟ್ಟ ತಾರೀಖು ಬರೆದುಕೊಂಡು ಕಂಪ್ಯೂಟರಿನ ಮುಂದೆ ಕೂತೆ.

ಅದೇ ದಿನ, ಸಂಜೆ 4

ಕಂಪ್ಯೂಟರಿನ ತಾರೀಖನ್ನು ಜನವರಿ 31ಕ್ಕೆ ತಿರುಗಿಸಿ ಮುದ್ರಿಸಿದೆ. ಮಾರ್ಚ್ 15!

ನಾನು ಮೊದಲು ತಿಂಗಳನ್ನು ಮುಂದೂಡಿ, ಆಮೇಲೆ ದಿನವನ್ನು ಹದಿನೈದು ಮಾಡಿದ್ದೆ. ನಡುವೆ ಒಂದು ಕ್ಷಣ ಅದು ಫೆಬ್ರವರಿ 31. ಅಂಥ ದಿನವೇ ಇಲ್ಲ ಎಂದು ಈ ಭಾಷೆ ಹೇಳುವುದಿಲ್ಲ. ತೆಪ್ಪಗೆ ಮಾರ್ಚ್ ಮೂರಕ್ಕೆ ಜಾರುತ್ತದೆ. ಅಕ್ಟೋಬರ್ 31ರಂದೂ ಇದೇ ಆಗಿತ್ತು, ಅಕ್ಕ ತಿದ್ದಿದ್ದರು. ನಾನು ಪರೀಕ್ಷೆ ಮಾಡಿದ್ದು ಹದಿನೈದನೇ ತಾರೀಖು. ಸರಿ ಬರದೆ ಇನ್ನೇನು?

ಪ್ರೋಗ್ರಾಮಿನ ಆ ಎರಡು ಸಾಲು ಅದಲುಬದಲು ಮಾಡಿದೆ. ಸರಿಹೋಯಿತು. ಇಷ್ಟೇ ಇಷ್ಟು — ಥೂ ನನ್ನ ಜಾಣತನಕ್ಕೆ.

ಮಾರ್ಚ್ 16

ಮೇಲಧಿಕಾರಿಗೆ ಬರೆದುಕೊಟ್ಟೆ: ತಪ್ಪು ನನ್ನದು, ಅಕ್ಕ ಮಾಡಿದ್ದೇ ಸರಿ.

ಫೈಲ್ ಕೋಣೆಗೆ ಹೋದೆ. ಸ್ಟೂಲಿನ ಮೇಲೆ ನಿಂತು ಧೂಳು ಕೊಡವುತ್ತಿದ್ದರು. ಹೇಳಿದೆ. ಇಳಿದು ಬಂದು ಕೂತರು.

“ಐದು ಸಲ ಸರಿ ಬಂತಲ್ಲಮ್ಮ ಅವತ್ತು. ನನ್ನ ಮೇಲೇ ನನಗೆ ಅನುಮಾನ ಬಂದ್ಬಿಡ್ತು. ಇಲ್ದಿದ್ರೆ ಆ ಹೊಸ ಹುಡುಗಿಗೆ ಒಂದು ಮಾತು ಹೇಳಿರ್ತಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತುಬಿಟ್ಟೆ.

ಮಾರ್ಚ್ 31

ಅಕ್ಕ ಮತ್ತೆ ಕೌಂಟರಿನಲ್ಲಿ. ಪಕ್ಕದಲ್ಲಿ ನಾನು, ಪ್ರತಿ ಚೀಟಿ ನೋಡುತ್ತಾ. ಎಲ್ಲ ಏಪ್ರಿಲ್ 15. ಆದರೂ ಅಕ್ಕನ ಕೈಯಲ್ಲಿ ಪೆನ್ನು ತಯಾರು.

ಹನ್ನೊಂದು ಗಂಟೆಗೆ ಬಟ್ಟೆ ಹೊಲಿಯುವ ಆ ಹೆಂಗಸು ತಪಾಸಣೆಗೆ ಬಂದರು. ಹೊಸ ಚೀಟಿಯನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿದರು, ಆಮೇಲೆ ನನ್ನತ್ತ ಚಾಚಿದರು.

“ತಾರೀಖು ಓದಮ್ಮ. ಸರಿ ಇದೆ ತಾನೆ?”

“ಏಪ್ರಿಲ್ ಹದಿನೈದು. ಸರಿ ಇದೆ.”

“ನೀನು ಹೇಳಿದ ಮೇಲೆ ಮುಗೀತು.”

ಹೊರಗಿನ ಬೆಂಚಿಗೆ ಹೋಗಿ ಕೂತರು. ಅಕ್ಕ ನನ್ನ ಕಡೆ ನೋಡಿದರು. ಎದ್ದು ಹೋದೆ. ಆ ಹೆಂಗಸಿನ ಪಕ್ಕದಲ್ಲಿ ಕೂತೆ.

“ಅಮ್ಮಾ, ಆ ಜನವರಿಯ ಚೀಟಿ ತಪ್ಪಾಗಿದ್ದು ನನ್ನಿಂದ.”